ದ್ವಂದ್ವ: ಯುದ್ಧವೋ, ಸಮಾಸವೋ?



ಕನ್ನಡ ಕಲಿಸುವ ಪುಸ್ತಕಗಳಲ್ಲಿ ವಿರುದ್ಧ ಪದಗಳ ಪಾಠ ಒಂದು ಇದ್ದೇ ಇರುತ್ತದೆ. ಹಗಲು–ರಾತ್ರಿ, ಸಿಹಿ–ಕಹಿ, ಒಳ್ಳೆಯದು–ಕೆಟ್ಟದ್ದು, ಮೇಲು–ಕೀಳು, ಸ್ವದೇಶ–ವಿದೇಶ. ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಒಂದು ಗೆರೆ. ಕಲಿಯುವುದೂ ಸುಲಭ, ಅಂಕ ಗಳಿಸುವುದೂ ಸುಲಭ.

ಆದರೆ ಎಡಿಸನ್‌ನಲ್ಲೋ ಕ್ವೀನ್ಸ್‌ನಲ್ಲೋ ಹುಟ್ಟಿದ ಮಗು ಆ ಕೊನೆಯ ಜೋಡಿಯ ಮುಂದೆ ಪೆನ್ಸಿಲ್ ಹಿಡಿದು ಕುಳಿತರೆ ಏನು ಬರೆಯಬೇಕು? ಮೈಸೂರಿನ ಅಜ್ಜಿಗೆ ಯಾವುದು ಸ್ವದೇಶವೋ ಅದು ಮೊಮ್ಮಗಳಿಗೆ ಪಾಸ್‌ಪೋರ್ಟಿನ ಲೆಕ್ಕದಲ್ಲಿ ವಿದೇಶ. ಆದರೂ ಅಲ್ಲಿ ಅವಳಿಗೆ ಅಜ್ಜಿ ಮನೆ ಇದೆ, ಅಲ್ಲಿನ ಮಾತು ಅವಳ ನಾಲಿಗೆಯ ಮೇಲಿದೆ. ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯುವುದು?

ಈ ಪ್ರಶ್ನೆಗೆ ಸಹಾಯ ಮಾಡುವ ಒಂದು ಪದ ನಮ್ಮಲ್ಲೇ ಇದೆ: ದ್ವಂದ್ವ. ದ್ವಂದ್ವ ಎಂದರೆ ಜೋಡಿ. ಮಹಾಭಾರತದಲ್ಲಿ ಭೀಮನೂ ಜರಾಸಂಧನೂ ಮಾಡಿದ್ದು ದ್ವಂದ್ವ ಯುದ್ಧ. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಕೊನೆಗೆ ಒಬ್ಬನೇ ಉಳಿಯುತ್ತಾನೆ. ವ್ಯಾಕರಣ ಪುಸ್ತಕದಲ್ಲಿ ಅದೇ ಪದ ದ್ವಂದ್ವ ಸಮಾಸವಾಗಿ ಬರುತ್ತದೆ: ತಂದೆತಾಯಿ, ಹಗಲುರಾತ್ರಿ, ಏಳುಬೀಳು, ಬೇವುಬೆಲ್ಲ. ಇಲ್ಲಿಯೂ ಇರುವುದು ಎರಡೇ. ಆದರೆ ಎರಡೂ ಉಳಿಯುತ್ತವೆ, ಎರಡರ ಅರ್ಥವೂ ಮುಖ್ಯವಾಗಿಯೇ ಇರುತ್ತದೆ.

ಮನುಷ್ಯರು ಸಾಹಿತ್ಯದಲ್ಲೂ ಸಮಾಜದಲ್ಲೂ ಲೋಕವನ್ನು ಎರಡೆರಡಾಗಿ ಭಾಗ ಮಾಡುತ್ತಲೇ ಬಂದಿದ್ದಾರೆ. ಆ ಜೋಡಿಗಳಲ್ಲಿ ಕೆಲವು ಯುದ್ಧವಾದವು, ಕೆಲವು ಸಮಾಸವಾದವು. ಈ ತಿಂಗಳು ಅಂಥ ನಾಲ್ಕು ಜೋಡಿಗಳ ಚರಿತ್ರೆ ನೋಡೋಣ. ಕನ್ನಡ ನಾಡಿನಿಂದ ಹೊರಟು, ನಾವೀಗ ಇರುವ ನ್ಯೂಯಾರ್ಕ್–ನ್ಯೂಜೆರ್ಸಿಗೆ ಬಂದು ನಿಲ್ಲೋಣ.

ಮೊದಲ ಜೋಡಿ: ಸಂಸ್ಕೃತ–ಕನ್ನಡ

ಇಂದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಪುಸ್ತಕ ಅದು. ಕಾವ್ಯ ಬರೆಯುವುದು ಹೇಗೆ ಎಂದು ಕಲಿಸುವ ಪುಸ್ತಕ. ಅದರಲ್ಲಿ ಒಂದು ಎಚ್ಚರಿಕೆ ಇದೆ: ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ವಿವೇಚನೆ ಇಲ್ಲದೆ ಒಂದೇ ಸಮಾಸದಲ್ಲಿ ಸೇರಿಸಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಆಗುತ್ತದೆ. ಹಾಲು ಕಾಯಿಸುವ ಮನೆಯವರಿಗೆಲ್ಲ ಅದರ ಪರಿಣಾಮ ಗೊತ್ತು. ಇಂಥ ಸಮಾಸಕ್ಕೆ ವ್ಯಾಕರಣದಲ್ಲಿ ಅರಿಸಮಾಸ ಎಂದು ಹೆಸರು. ಅರಿ ಎಂದರೆ ಶತ್ರು.

1112ರಲ್ಲಿ ಧರ್ಮಾಮೃತ ಬರೆದ ನಯಸೇನ ಈಗಿನ ಗದಗ ಜಿಲ್ಲೆಯ ಮುಳಗುಂದದವನು. ಶುದ್ಧ ಕನ್ನಡದಲ್ಲಿ ಬರೆಯುತ್ತೇನೆಂದು ಹೇಳಿ ಅದರೊಳಗೆ ಸಂಸ್ಕೃತ ತುರುಕುವವರನ್ನು ಕಂಡು ಅವನಿಗೆ ನಗು. ತುಪ್ಪವನ್ನೂ ಎಣ್ಣೆಯನ್ನೂ ಯಾರಾದರೂ ಬೆರೆಸುತ್ತಾರೆಯೇ ಎಂದು ಅವನು ಕೇಳುತ್ತಾನೆ. 13ನೆಯ ಶತಮಾನದ ಆಂಡಯ್ಯ ಇನ್ನೂ ಮುಂದೆ ಹೋಗಿ, ಸಂಸ್ಕೃತ ಪದಗಳನ್ನು ಅವುಗಳ ಮೂಲರೂಪದಲ್ಲಿ ಬಳಸದೆಯೇ ಕಬ್ಬಿಗರ ಕಾವ ಎಂಬ ಇಡೀ ಕಾವ್ಯವನ್ನು ಬರೆದು ತೋರಿಸಿದ.

ಇದಕ್ಕೆ ಇನ್ನೊಂದು ದಾರಿಯೂ ಇತ್ತು. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ ಪಂಪ, ಮಾರ್ಗ ಮತ್ತು ದೇಸಿ ಎಂಬ ಎರಡು ಮಾತುಗಳನ್ನು ಜೊತೆಗಿಟ್ಟ. ಮಾರ್ಗ ಎಂದರೆ ಪಂಡಿತರು ನಡೆದ ಹೆದ್ದಾರಿ, ಸಂಸ್ಕೃತ ಕಾವ್ಯದ ರೀತಿ. ದೇಸಿ ಎಂದರೆ ನೆಲದ ಮಾತು, ಜನರ ನಡೆ. ಒಳ್ಳೆಯ ಕಾವ್ಯ ದೇಸಿಯೊಳಗೆ ಹೊಗಬೇಕು, ಹೊಕ್ಕ ಮೇಲೆ ಮಾರ್ಗವನ್ನೂ ಕೂಡಿಕೊಳ್ಳಬೇಕು ಎಂಬುದು ಅವನ ನಿಲುವು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ. ಸಾವಿರ ವರ್ಷ ಕಳೆದರೂ ಅವನನ್ನು ಆದಿಕವಿ ಎಂದು ಕರೆಯುತ್ತೇವೆ.

19ನೆಯ ಶತಮಾನದ ಕೊನೆಯಲ್ಲಿ ನಂದಳಿಕೆಯ ಮುದ್ದಣನ ಕಾಲಕ್ಕೂ ಈ ಚರ್ಚೆ ಮುಗಿದಿರಲಿಲ್ಲ. ಅವನು ಕೊಟ್ಟ ಹೋಲಿಕೆ ಬೇರೆ: ಕನ್ನಡದ ನಡುವೆ ಸಂಸ್ಕೃತ ಬಂದರೆ ಕರಿಮಣಿ ಸರದ ನಡುವೆ ಕೆಂಪು ಹವಳ ಪೋಣಿಸಿದಂತೆ. ಒಬ್ಬನಿಗೆ ಒಡೆದ ಹಾಲಾಗಿ ಕಂಡದ್ದು ಇನ್ನೊಬ್ಬನಿಗೆ ಸರವಾಗಿ ಕಂಡಿತು. ಪೋಣಿಸುವ ಕೈಗೆ ಹದ ಗೊತ್ತಿರಬೇಕು, ಅಷ್ಟೇ.

ಮತ್ತೆ ಆ ಶತ್ರುಗಳ ಸಮಾಸ ಏನಾಯಿತು? ಮಂಗಳಾರತಿ, ಮಸಿಕುಡಿಕೆ ಇವೆಲ್ಲ ಅರಿಸಮಾಸಗಳೇ ಎಂದು ಶಾಲಾ ವ್ಯಾಕರಣಗಳು ಉದಾಹರಣೆ ಕೊಡುತ್ತವೆ. ಶತ್ರುಗಳು ಎಂದವರು ದೇವರ ಮನೆಯಲ್ಲೇ ಒಟ್ಟಿಗೆ ನಿಂತಿದ್ದಾರೆ! ಮಕ್ಕಳೇ, ನೀವು ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿದಾಗ ಮನೆಯಲ್ಲಿ ನಡೆಯುವ ಚರ್ಚೆಗೆ ಸಾವಿರದ ನೂರು ವರ್ಷಗಳ ಹಿಂದೆಯೇ ನಾಂದಿ ಹಾಡಿಯಾಗಿದೆ. ಅಪ್ಪ ಅಮ್ಮ ಕವಿರಾಜಮಾರ್ಗದ ಕಡೆ, ನೀವು ಮುದ್ದಣನ ಕಡೆ. ಆದರೆ ಒಂದು ಮಾತು. ಹವಳ ಪೋಣಿಸಲು ಮೊದಲು ಕೈಯಲ್ಲಿ ಕರಿಮಣಿ ಇರಬೇಕು. ಕನ್ನಡವೇ ಇಲ್ಲದಿದ್ದರೆ ಬೆರೆಸುವುದು ಯಾವುದಕ್ಕೆ?

ಎರಡನೆಯ ಜೋಡಿ: ಒಳ್ಳೆಯವ–ಕೆಟ್ಟವ

ನೀವು ನೋಡುವ ಸೂಪರ್‌ಹೀರೋ ಸಿನಿಮಾಗಳಲ್ಲಿ ಹೀರೋ ಯಾರು, ವಿಲನ್ ಯಾರು ಎಂದು ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ. ಮಹಾಭಾರತವನ್ನೂ ಹಾಗೆಯೇ ಹೇಳಬಹುದು: ಪಾಂಡವರು ಒಳ್ಳೆಯವರು, ಕೌರವರು ಕೆಟ್ಟವರು, ಮುಗಿಯಿತು.

10ನೆಯ ಶತಮಾನದ ಕೊನೆಯಲ್ಲಿ ಚಾಲುಕ್ಯರ ಆಸ್ಥಾನದಲ್ಲಿದ್ದ ರನ್ನ ಗದಾಯುದ್ಧ ಬರೆದಾಗ ಅದು ಅಷ್ಟು ಸುಲಭವಾಗಲಿಲ್ಲ. ಅವನ ಕಾವ್ಯದ ನಾಯಕ ಭೀಮ. ತನ್ನ ರಾಜನನ್ನೇ ಭೀಮನಿಗೆ ಹೋಲಿಸಿ ಬರೆದಿದ್ದಾನೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಯುದ್ಧ ಮುಗಿಯುತ್ತ ಬಂದಿದೆ, ತಮ್ಮಂದಿರಿಲ್ಲ, ಕರ್ಣನಿಲ್ಲ. ಹೆಣಗಳ ನಡುವೆ ದುರ್ಯೋಧನ ನಡೆದುಹೋಗುತ್ತಿದ್ದಾನೆ. ಅಲ್ಲಿ ಅವನಿಗೆ ಅಭಿಮನ್ಯುವಿನ ದೇಹ ಕಾಣುತ್ತದೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಕೈ ಮುಗಿದು ಅವನ ಶೌರ್ಯವನ್ನು ಹೊಗಳುತ್ತಾನೆ. ಅಂಥ ಸಾವಿನ ಒಂದು ಪಾಲಾದರೂ ತನಗೆ ಸಿಗಲಿ ಎಂದು ಬೇಡುತ್ತಾನೆ.

ರನ್ನ ಇಲ್ಲಿ ದುರ್ಯೋಧನನ ತಪ್ಪುಗಳನ್ನು ಅಳಿಸಿಲ್ಲ. ದ್ರೌಪದಿಗೆ ಆದ ಅವಮಾನವನ್ನು ಮರೆತಿಲ್ಲ. ತಪ್ಪು ಮಾಡಿದವನೊಳಗೂ ಒಬ್ಬ ಮನುಷ್ಯ ಇದ್ದಾನೆ ಎಂದು ತೋರಿಸಿದ್ದಾನೆ. ಗೆರೆ ಭೀಮ–ದುರ್ಯೋಧನರ ನಡುವೆ ಮಾತ್ರ ಇಲ್ಲ, ಒಬ್ಬೊಬ್ಬರ ಎದೆಯೊಳಗೂ ಇದೆ ಎಂದು ಕನ್ನಡ ಓದುಗರು ಸಾವಿರ ವರ್ಷದ ಹಿಂದೆಯೇ ಕಲಿತರು.

ಮೂರನೆಯ ಜೋಡಿ: ಮೇಲು–ಕೀಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ಓದಿದವರು, ಸರಿ, ಎಲ್ಲ ಜೋಡಿಗಳನ್ನೂ ಸಮಾಸ ಮಾಡಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆದರೆ ಕೆಲವು ಜೋಡಿಗಳು ಅಕ್ಕಪಕ್ಕ ನಿಂತಿರುವುದಿಲ್ಲ. ಒಂದು ಇನ್ನೊಂದರ ಹೆಗಲ ಮೇಲೆ ಕುಳಿತಿರುತ್ತದೆ. ಹಗಲು ಇರಬೇಕಾದರೆ ರಾತ್ರಿಯನ್ನು ತುಳಿಯಬೇಕಾಗಿಲ್ಲ. ಆದರೆ ಯಾರನ್ನಾದರೂ ಕೀಳು ಎನ್ನದೆ ಯಾರೂ ಮೇಲು ಆಗುವುದಿಲ್ಲ. ಮಡಿ–ಮೈಲಿಗೆ, ಮುಟ್ಟಬಹುದಾದವರು–ಮುಟ್ಟಬಾರದವರು, ಇವೆಲ್ಲ ಅಂಥ ಜೋಡಿಗಳು. ಇವುಗಳನ್ನು ಸೇರಿಸಿ ಸಮಾಸ ಮಾಡಿ ಪ್ರಯೋಜನವಿಲ್ಲ, ಗೆರೆಯನ್ನೇ ಅಳಿಸಬೇಕು.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆ ಕೆಲಸಕ್ಕೆ ಕೈ ಹಾಕಿದರು. ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿ ಭಂಡಾರ ನೋಡಿಕೊಳ್ಳುತ್ತಿದ್ದವರು. ಅವರ ಜೊತೆ ವಚನ ಬರೆದವರ ಹೆಸರುಗಳನ್ನು ಓದಿ ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ. ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಚರ್ಮ ಹದ ಮಾಡುವವರು, ಚೆಲ್ಲಿದ ಅಕ್ಕಿ ಆಯುವವರು. ಯಾವ ಕಸುಬಿನ ಕಾರಣಕ್ಕೆ ಸಮಾಜ ಅವರನ್ನು ಕೆಳಗೆ ಇಟ್ಟಿತ್ತೋ ಅದೇ ಕಸುಬು ಅವರ ಹೆಸರಿನ ಮುಂದೆ ಗೌರವದಿಂದ ನಿಂತಿದೆ. ಅಷ್ಟಾದರೂ ಗೆರೆ ಅಳಿಯಲಿಲ್ಲ. ಮುಂದೆ ಏಳುನೂರು ವರ್ಷಗಳ ಮೇಲೆ ಅದೇ ಗೆರೆಯನ್ನು ಪ್ರಶ್ನಿಸಲು ಹೊರಟ ಒಬ್ಬ ಯುವಕ ನಮ್ಮ ಊರಿಗೇ ಬಂದರು.

1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು, 22 ವರ್ಷದ ಭೀಮರಾವ್ ಅಂಬೇಡ್ಕರ್ ಮ್ಯಾನ್‌ಹಟನ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಊರಿನ ಶಾಲೆಯಲ್ಲಿ ಬೇರೆ ಮಕ್ಕಳಿಂದ ದೂರ ಕುಳಿತು ಓದಿದವರು ಇಲ್ಲಿ ಎಲ್ಲರ ಜೊತೆ ಕುಳಿತು ಓದಿದರು. 1916ರ ಮೇ ತಿಂಗಳಲ್ಲಿ ಅಲ್ಲಿಯ ಒಂದು ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳು ಹುಟ್ಟಿದ್ದು ಹೇಗೆ ಎಂಬ ಪ್ರಬಂಧ ಮಂಡಿಸಿದರು. ಮುಂದೆ ಭಾರತದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದವರು ಅವರೇ. ಆ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕಾಗದದ ಮೇಲೆ ಅಳಿದ ಗೆರೆ ಮನಸ್ಸುಗಳಲ್ಲಿ ಪೂರ್ತಿ ಅಳಿದಿಲ್ಲ ಎಂಬುದು ದೊಡ್ಡವರಿಗೆಲ್ಲ ಗೊತ್ತಿರುವ ಸಂಗತಿ.

1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಅದರಲ್ಲಿ ಹೇಳಿದ್ದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರ ಕೊಟ್ಟರು. ಒಂದು ದೇಶದ ಮೇಲು–ಕೀಳನ್ನು ತಿಳಿದವರಿಗೆ ಇನ್ನೊಂದು ದೇಶದ ಮೇಲು–ಕೀಳು ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯ ಜೋಡಿ: ಬಿಳಿ–ಕಪ್ಪು

ಅಮೆರಿಕದ ಆ ಗೆರೆ ದೇಶದಷ್ಟೇ ಹಳೆಯದು. 1790ರ ಪೌರತ್ವ ಕಾನೂನು, ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಇಲ್ಲಿಯ ಪೌರರಾಗಬಹುದು ಎಂದಿತು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರಿಗೂ ಬಾಗಿಲು ತೆರೆಯಿತು. ಹೀಗೆ ಎರಡು ಬಾಗಿಲುಗಳಾದವು: ಬಿಳಿ, ಕಪ್ಪು. ಈಗ ನೀವೇ ಯೋಚಿಸಿ. ಭಾರತದಿಂದ ಬಂದವರು ಯಾವ ಬಾಗಿಲಿನಲ್ಲಿ ಹೋಗಬೇಕು?

ಒಂದೊಂದು ಕೋರ್ಟು ಒಂದೊಂದು ಉತ್ತರ ಕೊಟ್ಟಿತು. ಭೀಕಾಜಿ ಫ್ರಾಮ್‌ಜಿ ಬಾಲ್ಸಾರಾ ಎಂಬ ಪಾರ್ಸಿ ವ್ಯಕ್ತಿಗೆ ಪೌರತ್ವ ಕೊಡಬಹುದು ಎಂದು 1910ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಬಳಿಕ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಪಂಜಾಬಿನ ಸಿಖ್ ಯುವಕ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು.

ಆ ಮೊಕದ್ದಮೆಯಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲೇ ಥಿಂಡ್ ಅವರನ್ನು ಮೇಲ್ಜಾತಿಯ ಹಿಂದೂ ಎಂದು ವರ್ಣಿಸಲಾಗಿತ್ತು. ಅಂದು ಅಮೆರಿಕದಲ್ಲಿ ಭಾರತದವರೆಲ್ಲರನ್ನೂ, ಅವರು ಸಿಖ್ಖರಾಗಲಿ ಮುಸ್ಲಿಮರಾಗಲಿ, ಹಿಂದೂ ಎನ್ನುತ್ತಿದ್ದರು. ಅವರ ಪರ ವಾದ ಹೀಗಿತ್ತು: ಇವರು ಆರ್ಯ ಮೂಲದವರು, ಮೇಲ್ಜಾತಿಯವರು ಕೆಳಜಾತಿಯವರೊಡನೆ ಬೆರೆಯುವುದಿಲ್ಲ, ಆದ್ದರಿಂದ ಇವರು ಬಿಳಿಯರೇ. ಊರಿನ ಏಣಿಯನ್ನು ತಂದು ಇಲ್ಲಿಯ ಗೋಡೆಗೆ ಒರಗಿಸಿ ಹತ್ತಲು ನೋಡಿದಂತೆ ಆಯಿತು. ಗೋಡೆ ಏಕಿದೆ ಎಂದು ಆ ವಾದ ಕೇಳಲಿಲ್ಲ. 1923ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟು, ಪಂಡಿತರು ಏನೇ ಹೇಳಲಿ, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ಅದಕ್ಕೆ ಮೊದಲು ಪೌರತ್ವ ಪಡೆದಿದ್ದ ಅನೇಕ ಭಾರತೀಯರಿಂದ ಸರ್ಕಾರ ಅದನ್ನು ಕಿತ್ತುಕೊಂಡಿತು.

ಥಿಂಡ್ ಸೋತು ಕೂರಲಿಲ್ಲ. ಆ ಯುದ್ಧದಲ್ಲಿ ಸೇವೆ ಮಾಡಿದ ಸೈನಿಕರಿಗೆ ಪೌರತ್ವ ಕೊಡುವ ಕಾನೂನು 1935ರಲ್ಲಿ ಬಂದಾಗ, ಅವರು ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಅರ್ಜಿ ಹಾಕಿ ಅದನ್ನು ಪಡೆದರು. ಆದರೆ ಉಳಿದ ಭಾರತೀಯರಿಗೆ ಬಾಗಿಲು ಮುಚ್ಚಿಯೇ ಇತ್ತು. ನ್ಯೂಯಾರ್ಕಿನ ವ್ಯಾಪಾರಿ ಜೆ.ಜೆ. ಸಿಂಗ್, ಇಂಡಿಯಾ ಲೀಗ್ ಆಫ್ ಅಮೆರಿಕಾದ ಅಧ್ಯಕ್ಷರಾಗಿ ವಾಷಿಂಗ್ಟನ್‌ನ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರು. ಬ್ರೂಕ್ಲಿನ್‌ನ ಪ್ರತಿನಿಧಿ ಇಮ್ಯಾನುಯೆಲ್ ಸೆಲ್ಲರ್ ಮತ್ತು ಕನೆಕ್ಟಿಕಟ್‌ನ ಕ್ಲೇರ್ ಬೂತ್ ಲೂಸ್ ಮಂಡಿಸಿದ ಕಾನೂನಿಗೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವದ ಹಕ್ಕು ಬಂತು. ಆದರೆ ವಲಸೆ ಬರಲು ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜಾಗ ಮಾತ್ರ.

ಮುಂದಿನ ಹೆಜ್ಜೆಯ ಹಿಂದೆಯೂ ಅದೇ ಸೆಲ್ಲರ್ ಇದ್ದರು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ್ದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ, ಜರ್ಸಿ ಸಿಟಿಯ ದಡದಿಂದ ಕಾಣುವ ಆ ದ್ವೀಪದಲ್ಲಿ. ಹುಟ್ಟಿದ ದೇಶವನ್ನು ನೋಡಿ ಜಾಗ ಹಂಚುವ ಹಳೆಯ ಪದ್ಧತಿ ಹೋಯಿತು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಅಮೆರಿಕದ ಮನಸ್ಸನ್ನು ಅಲುಗಾಡಿಸಿದ್ದ ವರ್ಷಗಳು ಅವು. ಆ ಹೋರಾಟ ನಡೆಯದಿದ್ದರೆ ಈ ಕಾನೂನು ಬರುವುದು ಕಷ್ಟವಿತ್ತು. ನಮ್ಮಲ್ಲಿ ಬಹುಪಾಲು ಮನೆಗಳ ಅಮೆರಿಕ ಕತೆ ಶುರುವಾಗುವುದು ಆ ಸಹಿಯಿಂದ. ಆ ಋಣವನ್ನು ನಾವು ನೆನಪಿಟ್ಟುಕೊಳ್ಳಬೇಕು.

ಇನ್ನು ಜನಗಣತಿಯ ಫಾರಂ ನೋಡಿ. 1930 ಮತ್ತು 1940ರಲ್ಲಿ ನಮ್ಮವರನ್ನು ‘ಹಿಂದೂ’ ಎಂಬ ಜನಾಂಗವಾಗಿ ಬರೆದುಕೊಂಡರು. 1970ರಲ್ಲಿ ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ಇಲ್ಲಿಯ ಭಾರತೀಯ ಸಂಘಟನೆಗಳು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಬೇರೆ ಚೌಕ ಬಂತು. ಜನ ಅವರೇ, ಬಣ್ಣ ಅದೇ. ಐವತ್ತು ವರ್ಷಗಳಲ್ಲಿ ಮೂರು ಹೆಸರು! ಗೆರೆ ಎಳೆಯುವವರು ಮನುಷ್ಯರೇ, ಅಳಿಸಿ ಮತ್ತೆ ಎಳೆಯುವವರೂ ಅವರೇ. 2000ದ ಜನಗಣತಿಯಲ್ಲಿ ಮೊದಲ ಬಾರಿಗೆ, ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗದ ಚೌಕಗಳನ್ನು ಗುರುತಿಸಬಹುದು ಎಂದಾಯಿತು. ಸರ್ಕಾರಿ ಫಾರಂ ಕೂಡ ದ್ವಂದ್ವ ಸಮಾಸ ಕಲಿಯಿತು.

ಹಾಗಾದರೆ ನಾವೇನು ಮಾಡಬೇಕು?

ಯಾವುದೇ ಜೋಡಿ ಎದುರಾದಾಗ ಮೂರು ಪ್ರಶ್ನೆ ಕೇಳಿ. ಈ ಗೆರೆಯನ್ನು ಎಳೆದವರು ಯಾರು? ಎರಡೂ ಅಕ್ಕಪಕ್ಕ ಇವೆಯೋ, ಒಂದರ ಮೇಲೊಂದು ಇವೆಯೋ? ಎರಡೂ ಕಡೆ ಸೇರದೆ ಹೊರಗೆ ಉಳಿದವರು ಯಾರು? ಅಕ್ಕಪಕ್ಕ ಇದ್ದರೆ ಸಮಾಸ ಮಾಡಿ. ಒಂದರ ಮೇಲೊಂದು ಇದ್ದರೆ ಗೆರೆಯನ್ನು ಅಳಿಸಿ. ಹೊರಗೆ ಉಳಿದವರಿದ್ದರೆ ಹತ್ತಿರ ಜಾಗ ಕೊಡಿ. ಇದು ಶಾಲೆಯ ಊಟದ ಮೇಜಿಗೂ ಸಲ್ಲುತ್ತದೆ, ದೊಡ್ಡವರ ವಾಟ್ಸಾಪ್ ಗುಂಪುಗಳಿಗೂ ಸಲ್ಲುತ್ತದೆ.

ಪೋಷಕರೇ, ಮಕ್ಕಳ ಮುಂದೆ ನಾವು ಬಾಯಿತಪ್ಪಿ ಆಡುವ ಜೋಡಿಗಳಿವೆ: ನಮ್ಮವರು–ಇಲ್ಲಿಯವರು, ನಮ್ಮ ಸಂಸ್ಕೃತಿ–ಅವರ ಸಂಸ್ಕೃತಿ. ಇಲ್ಲಿಯೇ ಹುಟ್ಟಿದ ಮಗು ಅದನ್ನು ಕೇಳಿದಾಗ ತಾನು ಯಾವ ಕಡೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಅದು ತನ್ನ ಅರ್ಧವನ್ನು ಕಳೆಯಲೇಬೇಕು. ಕನ್ನಡ ಕಲಿಸುವುದು ಅಮೆರಿಕವನ್ನು ಕಳೆಯಲು ಎಂದು ಮಗುವಿಗೆ ಅನ್ನಿಸಿದ ದಿನ ಅದು ಕನ್ನಡವನ್ನು ಬಿಡುತ್ತದೆ.

ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಈಗ ನಮ್ಮ ರಾಜ್ಯಗಳೇ ಮರ್ಯಾದೆ ಕೊಡುತ್ತಿವೆ. ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲೂ ಓದುಬರಹ ಬಲ್ಲ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ‘ಸೀಲ್ ಆಫ್ ಬೈಲಿಟರಸಿ’ ಎಂಬ ಮನ್ನಣೆ ನೀಡಲು ನ್ಯೂಯಾರ್ಕ್ 2012ರಲ್ಲೂ ನ್ಯೂಜೆರ್ಸಿ 2016ರಲ್ಲೂ ಕಾನೂನು ಮಾಡಿವೆ. ದೊಡ್ಡ ತರಗತಿಯ ಮಕ್ಕಳು ತಮ್ಮ ಶಾಲೆಯಲ್ಲಿ ಈ ಬಗ್ಗೆ ವಿಚಾರಿಸಿ ನೋಡಿ.

ಮಕ್ಕಳೇ, ಯಾರಾದರೂ “ನೀನು ಇಂಡಿಯನ್ನೋ ಅಮೆರಿಕನ್ನೋ?” ಎಂದು ಕೇಳಿದರೆ ಗಾಬರಿ ಬೇಡ. ಪ್ರಶ್ನೆ ವಿರುದ್ಧ ಪದದ ಪಾಠದ್ದು. ನಿಮಗೆ ಅದರ ಮುಂದಿನ ಪಾಠವೂ ಗೊತ್ತು.

ಈ ತಿಂಗಳ ಮನೆಗೆಲಸ: ಹತ್ತು ವಿರುದ್ಧ ಪದಗಳ ಜೋಡಿ ಬರೆಯಿರಿ. ಅವುಗಳಲ್ಲಿ ಯಾವುವು ಸಮಾಸ ಆಗಬಹುದು, ಯಾವುವು ಆಗಬಾರದು ಎಂದು ಬೇರೆ ಬೇರೆ ಗುರುತು ಹಾಕಿ. ಬಳಿಕ ಅಜ್ಜಿ ತಾತನಿಗೆ ಫೋನ್ ಮಾಡಿ, ಅವರು ಚಿಕ್ಕವರಿದ್ದಾಗ ಯಾವ ಗೆರೆ ದಾಟಬಾರದು ಎಂದು ಹೇಳುತ್ತಿದ್ದರು, ಅದನ್ನು ಮೊದಲು ದಾಟಿದವರು ಯಾರು ಎಂದು ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲೇ, ಐದಾರು ಸಾಲಿನಲ್ಲಿ ಬರೆದು ತನ್ನಿ. ನಡುವೆ ಒಂದೆರಡು ಇಂಗ್ಲಿಷ್ ಹವಳ ಬಂದರೆ ಚಿಂತೆಯಿಲ್ಲ.